ತಂಗಿಗೆ ಬೇರೆ ತಟ್ಟೆ

ಮಾರ್ಚ್ ೯, ಸೋಮವಾರ

ಇವತ್ತು ತಂಗಿಯ ಗಂಡನ ಮನೆಗೆ ಹೋಗಿದ್ದೆ. ಏಳು ತಿಂಗಳ ಬಸುರಿ ಅವಳಿಗೆ ಎಚ್‌ಐವಿ ಇದೆಯೆಂದು ತಿಳಿದದ್ದೇ ತಡ, ಅವಳ ಅತ್ತೆ ತಟ್ಟೆ ಲೋಟ ಬೇರೆ ಮಾಡಿ ಅವಳನ್ನು ಹಿಂದಿನ ಕೋಣೆಗೆ ತಳ್ಳಿದ್ದಾರೆ. ಅಂಟಿಸಿದವನು ಗಂಡ. ಅವನ ತಟ್ಟೆ ಮಾತ್ರ ಎಲ್ಲರ ತಟ್ಟೆಗಳ ಜೊತೆಗೇ ಇದೆ!

"ವೈರಸ್ ಹೊತ್ತವಳು ಒಳಗೆ ಬೇಡಮ್ಮ" ಎಂದರು ಅತ್ತೆ.

ಜೀನ್ ಲ್ಯಾಬಿನಲ್ಲಿ ಹನ್ನೆರಡು ವರ್ಷ ದುಡಿದ ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮ ಡಿಎನ್‌ಎಯಲ್ಲೂ ನೂರಕ್ಕೆ ಎಂಟು ಪಾಲು ಹಳೇ ವೈರಸ್ ಚೂರುಗಳೇ ಇವೆ. ಈ ಎಚ್‌ಐವಿ ಕುಲದವೇ, ಕೋಟ್ಯಂತರ ವರ್ಷದ ಹಿಂದೆ ಬಂದು ಸೇರ್ಕೊಂಡಿದ್ದು. ಹೊಟ್ಟೇಲಿ ಮಗೂನ ಸಾಕೋ ಮಾಸು ಬೆಳೆಯೋದೂ ಅಂಥದೊಂದರ ದಯೆಯಿಂದ. ಅದಿಲ್ದೆ ನಿಮ್ಮ ಮಗನೂ ಹುಟ್ತಿರಲಿಲ್ಲ!"

"ಕಾಗಕ್ಕ ಗುಬ್ಬಕ್ಕನ ಕಥೆ ಹೇಳ್ಬೇಡ" ಎಂದರು. ಮಗರಾಯ ಮೊಬೈಲಿನಿಂದ ತಲೆ ಎತ್ತಲಿಲ್ಲ.

ತಂಗಿ ನನ್ನ ಸೆರಗು ಹಿಡಿದೆಳೆದಳು. "ಅಕ್ಕಾ, ಪಾಠ ಸಾಕು. ನನ್ನ ಕರ್ಕೊಂಡು ಹೋಗು."

ಕೆನ್ನೆಗೆ ಹೊಡೆದಂತಾಯಿತು. ಅದನ್ನು ಮೊದಲು ನಾನು ಹೇಳಬೇಕಿತ್ತು. ಅವಳ ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಂಡು ಅವಳನ್ನು ಕರೆದುಕೊಂಡು ಹೊರಟೆ. ದಾರಿಯಲ್ಲಿ "ಮಗೂಗೂ ಬರುತ್ತಾ?" ಎಂದಳು. "ಮಾತ್ರೆ ತಪ್ಪಿಸ್ದೇ ಇದ್ರೆ ಬರೋದು ತೀರಾ ಅಪರೂಪ ಕಣೇ" ಎಂದೆ.

ಈಗ ನನ್ನ ಹಾಸಿಗೆಯಲ್ಲಿ ಮಲಗಿದ್ದಾಳೆ. ನಾಳೆ ಅವಳ ಬಟ್ಟೆ ತರಲು ಹೋದಾಗ ಆ ಮಹಾಶಯ ಎದುರಿಗೆ ಸಿಕ್ಕರೆ...