ಎರಡು ಕ್ಲಿಪ್, ನಾಲ್ಕು ಕಾಲು

ಮನೆಯಿಂದ,
ಗುರುವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೋದ ಭಾನುವಾರ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದ ಹಾಗೆ ಕೇಳಿಸಿತು. ಸುರಂಗದ ಧೂಳು ಅಂತ ನೀನು ಹೇಳಿದೆ. ಧೂಳಲ್ಲ, ನೆಗಡಿ ಅಂತ ನಿನ್ನ ಅಮ್ಮ ಇಲ್ಲಿಂದಲೇ ತೀರ್ಪು ಕೊಟ್ಟಳು. ಅಷ್ಟು ಜನ ಕೆಲಸಗಾರರ ಎದೆ ಪರೀಕ್ಷೆ ಮಾಡುವ ನರ್ಸಮ್ಮ ತನ್ನ ಎದೆಯನ್ನು ಯಾರಿಗೆ ತೋರಿಸುತ್ತಾಳೆ ಎಂಬುದು ಅವಳ ಪ್ರಶ್ನೆ. ಉತ್ತರ ಬರೆಯುವಾಗ ಇದಕ್ಕೆ ಒಂದು ಸಾಲು ಮೀಸಲಿಡು, ಇಲ್ಲದಿದ್ದರೆ ನನಗೆ ಉಳಿಗಾಲವಿಲ್ಲ. ಅಳಿಯಂದಿರ ಬೆನ್ನುನೋವು ಹೇಗಿದೆ? ಆ ಕೊರೆಯುವ ಯಂತ್ರದ ಸೀಟಿಗೆಂದು ಅಮ್ಮ ಹೊಲಿದು ಕಳಿಸಿದ ದಿಂಬನ್ನು ಹಾಕಿಕೊಳ್ಳುತ್ತಿದ್ದಾರೋ, ಅಥವಾ ಜೊತೆಯವರು ನಗುತ್ತಾರೆಂದು ಪೆಟ್ಟಿಗೆಯಲ್ಲೇ ಇಟ್ಟಿದ್ದಾರೋ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮೆಟ್ಟಿಲು ಕಂಡಾಗ ಮಾತ್ರ ನೋಯುತ್ತದೆ. ಅಮ್ಮನ ಹೊಲಿಗೆ ಯಂತ್ರಕ್ಕೆ ಹೊಸ ಬೆಲ್ಟ್ ಬಂದಿದೆ, ಬೀದಿಯವರಿಗೆಲ್ಲ ಕೇಳಿಸುವಂತೆ ಓಡುತ್ತಿದೆ.

ನಿನ್ನ ಮಗಳು ಚಿನಕುರುಳಿಗೆ ಜ್ವರವಿಲ್ಲ, ಹೊಟ್ಟೆನೋವಿಲ್ಲ, ಊಟ ನಿದ್ದೆಗೆ ಕೊರತೆಯಿಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ. ಮುಂದಿನದನ್ನು ಓದುವಾಗ ನಿನಗೆ ಈ ಮಾತು ನೆನಪಿರಬೇಕು. ಮೂವತ್ತೆಂಟು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದವನಿಗೆ ಮುಖ್ಯ ವಿಷಯವನ್ನು ಮೂರನೇ ಪುಟಕ್ಕೆ ಎಳೆಯಲು ಬರುವುದಿಲ್ಲ. ಮಗುವಿನ ಎಡಗಣ್ಣಿಗೆ ದೃಷ್ಟಿ ತುಂಬ ಕಡಿಮೆ ಇದೆ. ಮಂಗಳವಾರ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣಿಗೆ ಬೇರೆ ಕಾಯಿಲೆ ಇಲ್ಲ. ಚಿಕಿತ್ಸೆ ಇದೆ. ಉಳಿದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಭಾನುವಾರದ ಫೋನಿಗೆ ಕಾಯಬಹುದಿತ್ತು. ಆದರೆ ನಮಗೆ ಸಿಗುವುದು ಐದು ನಿಮಿಷ, ಅದರಲ್ಲಿ ನಾಲ್ಕು ನಿಮಿಷ ಅವಳೇ ಮಾತಾಡುತ್ತಾಳೆ. ಅವಳು ಪಕ್ಕದಲ್ಲಿ ನಿಂತಿರುವಾಗ ಇದನ್ನೆಲ್ಲ ಹೇಳಲಾಗುವುದಿಲ್ಲ.

ಶಾಲೆಯಲ್ಲಿ ಅವಳ ತರಗತಿಗೆ ಜಿರಾಫೆ ಕೊಠಡಿ ಎಂದು ಹೆಸರಿಟ್ಟಿರುವುದು ನಿನಗೆ ಗೊತ್ತು. ಪಕ್ಕದ್ದು ಆನೆ ಕೊಠಡಿ. ಎರಡಕ್ಕೂ ಬದ್ಧ ವೈರ. ಪ್ರತಿ ಶುಕ್ರವಾರ ಟೀಚರ್ ಒಂದು ಹಾಳೆ ಕಳಿಸುತ್ತಾರೆ, ಮನೆಯಲ್ಲಿ ಸುಲಭವಾಗಿ ಜಿರಾಫೆ ಮಾಡುವುದು ಹೇಗೆ ಅಂತ. ಸೋಮವಾರ ಮಾಡಿದ್ದನ್ನು ಒಯ್ಯಬೇಕು, ಅದು ಗೋಡೆಗೆ ಹೋಗುತ್ತದೆ. ಮೊದಲು ಬಂದದ್ದು ಕೈಗುರುತಿನ ಜಿರಾಫೆ. ಅಂಗೈಗೆ ಹಳದಿ ಬಣ್ಣ ಬಳಿದು ಕಾಗದಕ್ಕೆ ಒತ್ತಿ, ಕಾಗದವನ್ನು ತಲೆಕೆಳಗೆ ಮಾಡಿದರೆ ನಾಲ್ಕು ಬೆರಳು ನಾಲ್ಕು ಕಾಲು, ಹೆಬ್ಬೆರಳು ಕುತ್ತಿಗೆ. ಹೆಬ್ಬೆರಳು ಗಿಡ್ಡ ಅಂತ ಇವಳ ತಕರಾರು. “ಇದು ಜಿರಾಫೆ ಅಲ್ಲ ತಾತ, ಹಸು” ಎಂದಳು. ಬ್ರಶ್‌ನಿಂದ ಒಂದು ಗೇಣು ಕುತ್ತಿಗೆ ಎಳೆದ ಮೇಲೆ ಒಪ್ಪಿದಳು. ಎರಡನೆಯದು ಸುರುಳಿ ಜಿರಾಫೆ. ಹಳೆಯ ಪತ್ರಿಕೆಯನ್ನು ಬಿಗಿಯಾಗಿ ಸುತ್ತಿ ಕುತ್ತಿಗೆ, ಬೆಂಕಿಪೊಟ್ಟಣದ ಮೇಲೆ ಹಳದಿ ಕಾಗದ ಅಂಟಿಸಿ ಮೈ, ತಲೆಗೆ ಎರಡು ತೂತು ಮಾಡಿ ಬೆಂಕಿಕಡ್ಡಿಯ ಕೊಂಬು. ನಮ್ಮ ಜಿರಾಫೆಯ ಕುತ್ತಿಗೆಯುದ್ದಕ್ಕೂ ಹವಾಮಾನ ವರದಿ ಇತ್ತು. ಮೂರನೆಯದು ಎಲ್ಲಕ್ಕಿಂತ ಸುಲಭ ಎಂದು ಹಾಳೆಯಲ್ಲೇ ಬರೆದಿದ್ದರು. ರಟ್ಟಿನಲ್ಲಿ ಮೈ ಮತ್ತು ಕುತ್ತಿಗೆ ಕತ್ತರಿಸಿ, ಕೆಳಗಿನ ಅಂಚಿಗೆ ಬಟ್ಟೆ ಒಣಹಾಕುವ ಎರಡು ಕ್ಲಿಪ್ ಸಿಕ್ಕಿಸುವುದು. ಒಂದೊಂದು ಕ್ಲಿಪ್ಪಿಗೂ ಎರಡೆರಡು ಹಿಡಿ ಇರುತ್ತದಲ್ಲ, ಹಾಗಾಗಿ ಎರಡು ಕ್ಲಿಪ್ ಹಾಕಿದರೆ ನಾಲ್ಕು ಕಾಲು. ಮೇಜಿನ ಮೇಲೆ ತಾನೇ ನಿಲ್ಲುತ್ತದೆ. ಅದನ್ನು ಕಂಡಾಗಿನಿಂದ ಅವಳಿಗೆ ಬೇರೆ ಜಿರಾಫೆ ಬೇಡ. ನೀವು ಅವಳನ್ನು ಇಲ್ಲಿ ಬಿಟ್ಟು ಹೋದ ಈ ಎಂಟು ತಿಂಗಳಲ್ಲಿ ನಮ್ಮ ಮನೆಯ ರಟ್ಟಿನ ಡಬ್ಬಗಳೆಲ್ಲ ಜಿರಾಫೆಗಳಾದವು. ಅಮ್ಮ ಒಗೆದ ಬಟ್ಟೆ ಹಿಡಿದು ನಿಂತು, “ರೀ, ನನ್ನ ಲಂಗಕ್ಕೆ ಒಂದಾದರೂ ಕ್ಲಿಪ್ ಉಳಿಸಿದ್ದೀರಾ, ಅಥವಾ ಅದಕ್ಕೂ ಕಾಡಿಗೆ ಹೋಗ್ಬೇಕಾ?” ಎಂದು ಕೇಳಿದ್ದುಂಟು.

ಈ ಕ್ಲಿಪ್ ಹಾಕುವುದರಲ್ಲೇ ವಿಷಯ ಇತ್ತು. ಅವಳು ಕ್ಲಿಪ್ಪನ್ನು ಒತ್ತಿ ಬಾಯಿ ತೆರೆಸಿ ರಟ್ಟಿನ ಕಡೆ ತರುತ್ತಿದ್ದಳು. ರಟ್ಟು ಇನ್ನೂ ಒಂದು ಬೆರಳು ದೂರ ಇರುವಾಗಲೇ ಬಿಟ್ಟುಬಿಡುತ್ತಿದ್ದಳು. ಕ್ಲಿಪ್ ಗಾಳಿಯನ್ನು ಕಚ್ಚುತ್ತಿತ್ತು. ಬೆಂಕಿಕಡ್ಡಿಯೂ ಹಾಗೇ, ತೂತಿನ ಪಕ್ಕಕ್ಕೆ ಹೋಗುತ್ತಿತ್ತು. ಐದು ವರ್ಷದ ಮಗು, ಕೈ ಇನ್ನೂ ಹದಕ್ಕೆ ಬಂದಿಲ್ಲ ಎಂದುಕೊಂಡೆ. ಅವಳಿಗೆ ಬೇಸರವಾಗಬಾರದೆಂದು ಅವಳ ಕ್ಲಿಪ್ ಬಾಯಿ ತೆರೆದ ಕೂಡಲೇ ರಟ್ಟನ್ನು ನಾನೇ ಮುಂದೆ ಸರಿಸಿ ಅದರೊಳಗೆ ಇಡುತ್ತಿದ್ದೆ. ಟಕ್ ಎಂದು ಕೂರುತ್ತಿತ್ತು. “ತಾತ, ನಾನೇ ಹಾಕ್ದೆ!” ಎಂದು ಕುಣಿಯುತ್ತಿದ್ದಳು. ಎಷ್ಟೇ ಹಾಕಿದರೂ ಒಂದು ಕಾಲು ಓರೆ, ಒಂದು ಕೊಂಬು ಸಡಿಲ ಇದ್ದೇ ಇರುತ್ತಿತ್ತು. ಮಧ್ಯಾಹ್ನ ಅವಳು ಮಲಗಿದ ಮೇಲೆ ನಾನು ಕೂತು ಎಲ್ಲವನ್ನೂ ನೆಟ್ಟಗೆ ಮಾಡುತ್ತಿದ್ದೆ. ನನ್ನ ಕೆಲಸ ನೀನು ನೋಡಿದವಳೇ. ಸುದ್ದಿಯ ಪಟ್ಟಿಗಳನ್ನು ಕತ್ತರಿಸಿ ಪುಟಕ್ಕೆ ಅಂಟಿಸುವಾಗ ಒಂದು ಕೂದಲಿನಷ್ಟು ಓರೆಯಾದರೂ ಕಿತ್ತು ಮತ್ತೆ ಅಂಟಿಸಬೇಕಿತ್ತು. ಕಂಪ್ಯೂಟರ್ ಬಂದ ಮೇಲೆ ಆ ಕೈಗೆ ಕೆಲಸವೇ ಇರಲಿಲ್ಲ. ಇಷ್ಟು ವರ್ಷಗಳ ನಂತರ ಗೋಂದು, ಕತ್ತರಿ, ಅಳತೆಪಟ್ಟಿ ಮೇಜಿಗೆ ಬಂದಾಗ ಕೈ ಸುಮ್ಮನಿರಲಿಲ್ಲ. ಹೀಗೆ ನೆಟ್ಟಗಾದ ಜಿರಾಫೆಗಳೇ ಶಾಲೆಗೆ ಹೋದವು. ನಿನಗೆ ಕಳಿಸಿದ ಫೋಟೋಗಳೂ ಅವುಗಳವೇ. ಹಿಂದೆ “ಎಲ್ಲ ಅವಳದೇ ಕೈಕೆಲಸ” ಎಂದು ಬರೆದವನು ನಾನೇ. ನೀನು ಅವನ್ನು ಚಿಕಿತ್ಸಾ ಕೋಣೆಯ ಗೋಡೆಗೆ ಹಚ್ಚಿರುವುದಾಗಿ ಹೇಳಿದ್ದೀಯ. ಅಮ್ಮ ಒಮ್ಮೆ ಯಂತ್ರ ನಿಲ್ಲಿಸಿ, “ಸ್ಕೂಲಿಗೆ ಹೋಗ್ತಿರೋದು ಅವಳಾ, ನೀವಾ?” ಎಂದಳು. ನಾನು ನಕ್ಕೆ.

ಹೋದ ಶುಕ್ರವಾರ ಟೀಚರ್ ತರಗತಿಯಲ್ಲೇ, ದೊಡ್ಡವರ ನೆರವಿಲ್ಲದೆ ಕ್ಲಿಪ್ ಜಿರಾಫೆ ಮಾಡಿಸಿದರು. ಎಲ್ಲರದ್ದೂ ನಿಂತಿತು, ಇವಳದು ನಿಲ್ಲಲಿಲ್ಲ. ಮನೆಯಿಂದ ಅಷ್ಟು ಅಚ್ಚುಕಟ್ಟಾಗಿ ಮಾಡಿ ತರುವ ಮಗು ಇಲ್ಲಿ ಬೇಕೆಂದೇ ಹಟ ಮಾಡುತ್ತಿದೆ ಎಂದು ಟೀಚರ್ ಅಂದುಕೊಂಡರು. ಅಂದುಕೊಳ್ಳದೆ ಇನ್ನೇನು? ಪುರಾವೆ ಗೋಡೆಯ ಮೇಲೇ ಇತ್ತು. ಆಟಕ್ಕೆ ಬಿಡದೆ ಕೂರಿಸಿ ಮತ್ತೆ ಮಾಡು ಎಂದರು. ಇವಳು ಸ್ವಲ್ಪ ಹೊತ್ತು ನೋಡಿ, ಕ್ಲಿಪ್ಪುಗಳನ್ನು ರಟ್ಟಿನ ಪಕ್ಕ ಇಟ್ಟು, ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಳಂತೆ. ಟೀಚರಿಗೆ ಸಿಟ್ಟು ಬಂತು, ಗದರಿದರು. ಶಾಲೆ ಬಿಟ್ಟಾಗ ಗೇಟಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು, “ಮನೇಲಿ ಇಷ್ಟು ಚೆನ್ನಾಗಿ ಮಾಡ್ತಾಳೆ, ಇಲ್ಲಿ ಮಲಗ್ತಾಳೆ. ಏನಾದ್ರೂ ತೊಂದ್ರೆ ಇದೆಯಾ ಸರ್?” ಎಂದು ಕೇಳಿದರು. ವಿಚಾರಿಸುತ್ತೇನೆ ಎಂದು ಹೇಳಿ ಅವಳನ್ನು ಕರೆದುಕೊಂಡು ಹೊರಟೆ. ಮನೆಗೆ ಬಂದ ಮೇಲೆ ಅಮ್ಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಯಾಕಮ್ಮ ಮಲಗಿದೆ ಎಂದು ಕೇಳಿದಳು. ಅದಕ್ಕೆ ಅವಳು ಕೊಟ್ಟ ಉತ್ತರ ಇದು: “ನಾನು ಮಲಗಿದ್ರೆ ಜಿರಾಫೆ ಸರಿಹೋಗುತ್ತೆ ಅಜ್ಜಿ. ಮನೇಲಿ ದಿನಾ ಹಾಗೇ ಆಗುತ್ತೆ. ಸ್ಕೂಲಲ್ಲಿ ಆಗ್ಲಿಲ್ಲ.”

ಅಮ್ಮ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎದ್ದು ಹೋಗಿ ಒಂದು ದೊಡ್ಡ ಸೂಜಿ, ಕೆಂಪು ದಾರ ತಂದು ಅವಳ ಕೈಗೆ ಕೊಟ್ಟಳು. ದಾರ ಸೂಜಿಯ ಕಣ್ಣಿನ ಈಚೆಗೇ ಹೋಯಿತು, ಆಚೆಗೂ ಹೋಯಿತು, ಒಳಗೆ ಮಾತ್ರ ಹೋಗಲಿಲ್ಲ. ಆರು ಸಲ ನೋಡಿದಳು ಅಮ್ಮ. “ಇದು ಕೈಯ ಕೆಲಸ ಅಲ್ಲಾರೀ, ಕಣ್ಣಿನದು. ನನ್ನ ಹತ್ರ ಕಲಿಯೋಕೆ ಬಂದ ಹುಡುಗಿ ಒಬ್ಬಳಿಗೆ ಹೀಗೇ ಇತ್ತು” ಎಂದಳು. ಮರುದಿನವೇ ಹೋಗಬೇಕಿತ್ತು. ಮಕ್ಕಳ ಕಣ್ಣು ನೋಡುವ ಡಾಕ್ಟರ್ ಸಿಕ್ಕಿದ್ದು ಮಂಗಳವಾರ.

ಡಾಕ್ಟರಮ್ಮ ಒಳ್ಳೆಯವರು, ಅವಸರವಿಲ್ಲ. ಗೋಡೆಯ ಚಿತ್ರಗಳನ್ನು ತೋರಿಸುತ್ತಾ ಮೊದಲು ಎಡಗಣ್ಣು ಮುಚ್ಚಿದರು. ಚಿನಕುರುಳಿ ಮನೆ, ಹೂವು, ಕೊಡೆ ಎಂದು ಪಟಪಟ ಹೇಳಿದಳು. ಆಮೇಲೆ ಬಲಗಣ್ಣು ಮುಚ್ಚಿದರು. ಅವಳು ಅವರ ಕೈಯನ್ನು ದೂಡಿದಳು. ಮತ್ತೆ ಮುಚ್ಚಿದಾಗ ಅಳತೊಡಗಿ, “ಲೈಟ್ ಹಾಕಿ, ಲೈಟ್ ಹಾಕಿ” ಎಂದಳು. ಕೋಣೆಯಲ್ಲಿ ದೀಪ ಉರಿಯುತ್ತಲೇ ಇತ್ತು ಮಗಳೇ. ಕಣ್ಣಿಗೆ ಔಷಧಿ ಬಿಟ್ಟು, ಒಂದು ಗಂಟೆ ಕೂರಿಸಿ ಮತ್ತೆ ನೋಡಿದರು. ಬಲಗಣ್ಣು ಸರಿಯಾಗಿದೆ. ಎಡಗಣ್ಣಿಗೆ ಪ್ಲಸ್ ಆರು ನಂಬರಿನ ಕನ್ನಡಕ ಬೇಕು. ಆ ಕಣ್ಣಿನಿಂದ ಬರುವ ಮಸುಕು ಚಿತ್ರವನ್ನು ಮೆದುಳು ಬಹಳ ದಿನದಿಂದ ಬದಿಗಿಟ್ಟಿದೆಯಂತೆ. ಒಂದೇ ಕಣ್ಣಿನಿಂದ ನೋಡುವವರಿಗೆ ಹತ್ತಿರದ ವಸ್ತು ಎಷ್ಟು ಹತ್ತಿರ ಎಂಬುದು ಸರಿಯಾಗಿ ತಿಳಿಯುವುದಿಲ್ಲ, ಕ್ಲಿಪ್ ಗಾಳಿಯನ್ನು ಕಚ್ಚುತ್ತಿದ್ದುದು ಅದಕ್ಕೇ. ಈಗ ಕನ್ನಡಕ ಕೊಡುತ್ತಾರೆ, ಶನಿವಾರ ಕೈಗೆ ಬರುತ್ತದೆ. ಕೆಲವು ವಾರ ನೋಡಿಕೊಂಡು, ಬೇಕಾದರೆ ದಿನಕ್ಕೆ ಇಷ್ಟು ಗಂಟೆ ಎಂದು ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ಸೋಮಾರಿ ಕಣ್ಣನ್ನು ದುಡಿಸಬೇಕು. ಎಷ್ಟು ದೃಷ್ಟಿ ಮರಳುತ್ತದೆ ಎಂದು ಕೇಳಿದೆ. “ಖಾತರಿ ಕೊಡಲ್ಲ. ಈ ವಯಸ್ಸಿಗೆ ಚೆನ್ನಾಗಿಯೇ ಸುಧಾರಿಸುತ್ತೆ. ಆದ್ರೆ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತೆ” ಎಂದರು. ಇಷ್ಟು ದಿನ ಹೀಗಿದ್ದರೂ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲವೇ ಎಂದು ಅವರು ಕೇಳಿದಾಗ, ಯಾರಿಗೂ ಗೊತ್ತಾಗಲಿಲ್ಲ ಎಂದೆ.

ನಿನ್ನೆ ಬೆಳಿಗ್ಗೆ ಶಾಲೆಗೆ ಹೋಗಿ ಟೀಚರಿಗೆ ಎಲ್ಲ ಹೇಳಿದೆ, ಗೋಡೆಯ ಜಿರಾಫೆಗಳನ್ನು ಯಾರು ನೆಟ್ಟಗೆ ಮಾಡಿದರು ಎಂಬುದನ್ನೂ ಸೇರಿಸಿ. ಅವರು ಬಹಳ ನೊಂದುಕೊಂಡರು, ಚಿನಕುರುಳಿಯನ್ನು ಕರೆದು ಸಾರಿ ಕೇಳಿದರು. ಅವಳಿಗೆ ಏನೂ ಅರ್ಥವಾಗಲಿಲ್ಲ, “ಪರವಾಗಿಲ್ಲ ಟೀಚರ್” ಎಂದು ಅವರ ಬೆನ್ನು ತಟ್ಟಿ ಬಂದಳು. ಮಧ್ಯಾಹ್ನ ನಾವಿಬ್ಬರೂ ಹೊಸ ಜಿರಾಫೆಗೆ ಕೂತೆವು. ನಾನು ರಟ್ಟು ಕತ್ತರಿಸಿಕೊಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಮೊದಲ ಕ್ಲಿಪ್ಪಿಗೆ ಒಂಬತ್ತು ಸಲ, ಎರಡನೆಯದಕ್ಕೆ ಹದಿಮೂರು ಸಲ ಗಾಳಿಯನ್ನು ಕಚ್ಚಿಸಿದಳು. “ತಾತ, ಹಿಡ್ಕೋ” ಎಂದಳು. ನೀನೇ ಹಾಕು ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ನನ್ನ ಮೇಲೆ ಯಾಕೆ ಕೋಪ?” ಎಂದು ಕೇಳಿದಳು. ಕಡೆಗೆ ಎಡಗೈಯಿಂದ ಅಂಚನ್ನು ತಡವಿ ಹುಡುಕಿ, ಬೆರಳಿನ ಪಕ್ಕದಲ್ಲೇ ಕ್ಲಿಪ್ ತಂದು ಹಾಕಿದಳು. ಆಮೇಲೆ ಮಲಗಿದಳು. ಎದ್ದವಳೇ ಓಡಿ ಬಂದು ನೋಡಿದಳು. ಅದು ಇದ್ದ ಹಾಗೇ ಇತ್ತು.

ನೀನು ಈಗಲೇ ಹೊರಟು ಬರಬೇಕೇ ಎಂಬುದನ್ನು ನೀವಿಬ್ಬರೂ ಕೂತು ತೀರ್ಮಾನಿಸಿ. ಕನ್ನಡಕ, ಪಟ್ಟಿ, ಡಾಕ್ಟರಮ್ಮನ ಬಳಿಗೆ ಓಡಾಟ ನಾವು ನೋಡಿಕೊಳ್ಳಬಲ್ಲೆವು. ಅಮ್ಮ ನೋಡಿಕೊಳ್ಳುತ್ತಾಳೆ ಎಂದರೆ ಹೆಚ್ಚು ಸರಿ. ಡಾಕ್ಟರಮ್ಮನ ಚೀಟಿಯ ನಕಲು ಇದರ ಜೊತೆ ಇದೆ, ನನಗಿಂತ ನಿನಗೆ ಚೆನ್ನಾಗಿ ಅರ್ಥವಾಗುತ್ತದೆ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಬಿಸಿನೀರು ಕುಡಿ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ, ಕೆಲಸ ಮುಗಿದು ಕ್ಷೇಮವಾಗಿ ಮನೆ ಸೇರುವಂತಾಗಲಿ.

ನಿನ್ನ
ಅಪ್ಪ

ಮರೆತ ಮಾತು: ಹನ್ನೆರಡಕ್ಕೆ ಅಂಚೆ ಕಚೇರಿಯಿಂದ ಟಪಾಲು ಹೊರಡುತ್ತದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಮ್ಮ ಪತ್ರ ಓದಿ ಯಂತ್ರದ ಮೇಲಿಟ್ಟು, “ಇಷ್ಟೆಲ್ಲ ಬರೆದು ಅದೊಂದನ್ನ ಬಿಟ್ಟಿದ್ದೀರಲ್ಲ” ಎಂದಳು. ಮರೆತದ್ದಲ್ಲ, ಬಿಟ್ಟದ್ದೇ. ನಮ್ಮ ಪತ್ರಿಕೆಯಲ್ಲಿ ತಪ್ಪಾದರೆ ಒಳಪುಟದ ಮೂಲೆಯಲ್ಲಿ ಚಿಕ್ಕ ಚೌಕಟ್ಟು ಹಾಕುತ್ತಿದ್ದೆವು. ಅದನ್ನು ಅಂಟಿಸುತ್ತಿದ್ದವನೂ ನಾನೇ. ಹಾಗೇ ಬರೆಯುತ್ತೇನೆ.

ತಿದ್ದುಪಡಿ. ನೀನು ಅಲ್ಲಿಗೆ ಹೋದ ಎರಡನೇ ತಿಂಗಳಲ್ಲಿ ಬರೆದ ಪತ್ರದಲ್ಲಿ “ಅವಳು ಚಿತ್ರ ನೋಡುವಾಗ ತಲೆ ಓರೆ ಮಾಡ್ತಾಳಾ ಅಪ್ಪ? ಸ್ವಲ್ಪ ಗಮನಿಸಿ” ಎಂದು ಕೇಳಿದ್ದೆ. ಅದಕ್ಕೆ ನಾನು “ಇಲ್ಲ” ಎಂದು ಉತ್ತರಿಸಿದ್ದೆ. ಅದನ್ನು “ಹೌದು” ಎಂದು ಓದಿಕೊಳ್ಳಬೇಕು. ಎರಡು ಸಲ ಕಣ್ಣಾರೆ ನೋಡಿದ್ದೆ. ಹೌದು ಎಂದರೆ ನೀನು ಮರುದಿನದ ಬಸ್ಸಿಗೇ ಹೊರಡುತ್ತೀಯ, ಅಷ್ಟು ಕಾದು ಸಿಕ್ಕ ಕೆಲಸ ಹೋಗುತ್ತದೆ ಎಂದು ಹೆದರಿದೆ. ನಿಜ ಹೇಳಬೇಕೆಂದರೆ ಮಗು ನನ್ನ ಮೇಜಿನಿಂದ ದೂರ ಹೋಗುತ್ತದೆ ಎಂಬ ಹೆದರಿಕೆಯೂ ಇತ್ತು. ಆರು ತಿಂಗಳು ನನ್ನ ಕೈಯಲ್ಲಿ ಹೋಯಿತು. ಮೇಲೆ “ಯಾರಿಗೂ ಗೊತ್ತಾಗಲಿಲ್ಲ” ಎಂದದ್ದೂ ತಪ್ಪು. ಡಾಕ್ಟರಿಗೂ ಇದನ್ನು ಹೇಳುತ್ತೇನೆ. ಭಾನುವಾರ ಮೊದಲ ನಿಮಿಷ ನನಗೆ ಕೊಡು, ಏನು ಅನ್ನಬೇಕೋ ಅನ್ನು. ಉಳಿದ ನಾಲ್ಕು ಅವಳಿಗಿರಲಿ.

ಅಮ್ಮನ ದಾರದ ಡಬ್ಬದಲ್ಲಿ ನಿನ್ನೆಯ ಜಿರಾಫೆ ಕಳಿಸುತ್ತಿದ್ದೇನೆ. ಹಿಂದಿನ ಕ್ಲಿಪ್ ಬಾಲದ ಮೂಲೆಯನ್ನಷ್ಟೇ ಕಚ್ಚಿದೆ, ಹಾಗಾಗಿ ನಿಲ್ಲುವುದಿಲ್ಲ. ನಾನು ಮುಟ್ಟಿಲ್ಲ. ಗೋಡೆಯಲ್ಲಿರುವ ಫೋಟೋಗಳನ್ನು ತೆಗೆದು, ಇದನ್ನು ಎಲ್ಲಾದರೂ ಒರಗಿಸಿ ಇಟ್ಟುಕೋ.