ಸಾಸಿವೆ ಸೊಪ್ಪಿನ ರಸ

ಹಿತ್ತಿಲ ಕಟ್ಟೆಯಿಂದ,
ಮಾರ್ಚ್ ೧೧, ಮಂಗಳವಾರ ಬೆಳಗ್ಗೆ

ಮುದ್ದಿನ ಮಗಳಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯಮ್ಮ? ಆರನೇ ತಿಂಗಳು, ಕಾಲಿನ ಊತ ಇಳಿಯಿತಾ? ಡಾಕ್ಟರು ಮಲಗಿಯೇ ಇರಬೇಕು ಅಂದಮೇಲೆ ಮಲಗೇ ಇರು, ಎದ್ದು ಅಳಿಯಂದಿರ ಷರಟು ಇಸ್ತ್ರಿ ಮಾಡೋಕೆ ಹೋಗಬೇಡ. ಅವರಿಗೂ ದೇವರು ಎರಡು ಕೈ ಕೊಟ್ಟಿದ್ದಾನೆ. ಫೋನ್ ಮಾಡಿದಾಗಲೆಲ್ಲ "ನನ್ನ ಪಿಟೀಲು ಹೇಗಿದ್ದಾಳಪ್ಪ" ಅಂತ ಮಗಳನ್ನು ವಿಚಾರಿಸುತ್ತೀಯ, ಚೆನ್ನಾಗಿದ್ದಾಳೆ ಅನ್ನುತ್ತೇನೆ. ಪಕ್ಕದಲ್ಲಿ ನಿಮ್ಮಮ್ಮ ನಿಂತು ಕಣ್ಣಲ್ಲೇ ಗದರಿಸುತ್ತಿರುತ್ತಾಳೆ, ಬಸುರಿಗೆ ಗಾಬರಿ ಮಾಡಬಾರದು ಅಂತ. ಅದಕ್ಕೇ ಕದ್ದು ಕಾಗದ ಬರೆಯುತ್ತಿದ್ದೇನೆ. ನನಗೆ ಭಯ ಆಗಿದೆ ಮಗಳೇ. ನಂಬಿ ಬಿಟ್ಟುಹೋದ ನಿನ್ನ ಮಗುವಿಗೆ ನಾನೇ ಕೈಯಾರೆ ವಿಷ ಕುಡಿಸಿಬಿಟ್ಟೆನಾ ಅಂತ. ಶುಕ್ರವಾರ ಅವಳ ರಕ್ತದ ವರದಿ ಬಂದಾಗ ಗೊತ್ತಾಗುತ್ತದೆ.

ನಮ್ಮ ಹಿತ್ತಿಲು ನಿನಗೆ ಗೊತ್ತಲ್ಲ. ಮೂವತ್ತು ವರ್ಷ ಅಲ್ಲೇ ಹಳೇ ಬ್ಯಾಟರಿ ಒಡೆದೆ, ಅಲ್ಲೇ ಬಾಣಲೆಯಲ್ಲಿ ಸೀಸ ಕರಗಿಸಿದೆ, ಆ್ಯಸಿಡ್ಡೂ ಅಲ್ಲೇ ಚೆಲ್ಲಿದೆ. ಕೆಲಸ ಬಿಟ್ಟು ಆರು ವರ್ಷ ಆಯ್ತು, ಇನ್ನೇನು ಅಂದುಕೊಂಡಿದ್ದೆ. ನೀನು ಪಿಟೀಲನ್ನು ಬಿಟ್ಟು ಹೋದ ವಾರ ಮಣ್ಣು ಪರೀಕ್ಷೆಯ ಮೇಡಂ ಒಬ್ಬರು ಬೀದಿಯ ಮಣ್ಣನ್ನೆಲ್ಲ ಡಬ್ಬಿಗಳಲ್ಲಿ ತುಂಬಿಕೊಂಡು ಹೋದರು. ಪರೀಕ್ಷೆ ಮಾಡಿದರೆ ನಮ್ಮ ಹಿತ್ತಿಲಲ್ಲಿ ಸೀಸ ಇರಬೇಕಾದ್ದಕ್ಕಿಂತ ಹತ್ತು ಪಟ್ಟು! "ಸಾಸಿವೆ ಬಿತ್ತಿ ತಾತ. ಗಿಡ ಸ್ವಲ್ಪಸ್ವಲ್ಪವೇ ಸೀಸ ಹೀರಿಕೊಳ್ಳುತ್ತೆ. ಬೆಳೆದ ಮೇಲೆ ಬೇರುಸಮೇತ ಕಿತ್ತು ಚೀಲಕ್ಕೆ ತುಂಬಿಡಿ, ನಾವು ತಗೊಂಡು ಹೋಗ್ತೀವಿ. ಮತ್ತೆ ಬಿತ್ತಿ" ಅಂದರು. ಮಗುವನ್ನು ಆ ಕಡೆ ಬಿಡಬೇಡಿ ಅಂತಲೂ ಹೇಳಿದರು. ಅಷ್ಟು ಹೊತ್ತಿಗೆ ಅವಳು ಅಲ್ಲಿ ಮಣ್ಣಿನ ಗೋಪುರ ಕಟ್ಟಿ, ಕೈ ನೆಕ್ಕಿ, ವಾರವೇ ಆಗಿತ್ತು.

ಬಿತ್ತಿದೆ. ಅಬ್ಬಾ, ಏನು ಬಂತು ಅಂತೀಯ! ಸೊಂಟದೆತ್ತರ, ಎಲೆ ಎಲೆಯೂ ಅಂಗೈ ಅಗಲ. ದಿನಾ ಕಟ್ಟೆ ಮೇಲೆ ಕೂತು ನೋಡುತ್ತಿದ್ದೆ. ಒಂದು ದಿನ ನನ್ನ ಹಾಳು ತಲೆಗೆ ಹೊಳೆಯಿತು: ಮಣ್ಣಿನ ಸೀಸ ಹೀರುವ ಸೊಪ್ಪು ರಕ್ತದ ಸೀಸ ಹೀರದೇ ಇರುತ್ತಾ? ಅಡುಗೆಗೆ ಬಳಸಬೇಡಿ ಅಂತ ಮೇಡಂ ಹೇಳಿದ್ದರು. ಅಡುಗೆ ಬೇರೆ, ಔಷಧಿ ಬೇರೆ ಅಂದುಕೊಂಡೆ. ಮೂವತ್ತು ವರ್ಷ ಸೀಸದ ಜೊತೆ ಬದುಕಿದವನಿಗೆ ನಿನ್ನೆ ಮೊನ್ನೆಯ ಹುಡುಗಿ ಏನು ಹೇಳಿಕೊಡುತ್ತಾಳೆ ಅನ್ನೋ ಜಂಬ ಬೇರೆ. ನಿಮ್ಮಮ್ಮ ಹಾಲು ತರೋಕೆ ಹೋದಾಗ ಎಲೆ ಅರೆದು, ಹಿಂಡಿ, ಜೇನು ಬೆರೆಸಿ ದಿನಕ್ಕೊಂದು ಚಮಚ ಕುಡಿಸಿದೆ. ಹನ್ನೊಂದು ದಿನ. ಮೂತಿ ಸೊಟ್ಟ ಮಾಡಿಕೊಂಡು, "ತಾತಾ, ಇದು ಕುಡಿದರೆ ಗಟ್ಟಿಯಾಗ್ತೀನಾ" ಅಂತ ಕೇಳಿ ಕುಡಿದಳು.

ಶನಿವಾರ ಮೇಡಂ ಚೀಲ ಒಯ್ಯಲು ಬಂದರು. ಒಂದು ಸಾಲಿನ ಗಿಡಕ್ಕೆಲ್ಲ ಎಲೆಯೇ ಇಲ್ಲ. ಯಾಕೆ ಅಂದರು. ನಾನು ಬುದ್ಧಿವಂತನ ಹಾಗೆ ಎಲ್ಲ ವಿವರಿಸಿದೆ. ಆ ಹುಡುಗಿ ಹಾಗೇ ಕಟ್ಟೆ ಮೇಲೆ ಕುಸಿದು ಕೂತಳು. "ತಾತ, ಹೀರಿದ ಸೀಸ ಎಲ್ಲಿ ಹೋಗುತ್ತೆ ಅಂದುಕೊಂಡಿರಿ? ಆ ಎಲೆಯಲ್ಲೇ ಇರುತ್ತಲ್ಲ" ಅಂದಳು. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದ್ದು ನಾನು, ಉಂಡದ್ದು ಆ ಕೂಸು.

ಅವತ್ತೇ ಆಸ್ಪತ್ರೆಗೆ ಓಡಿದೆವು. ಹೊಟ್ಟೆನೋವು ಅಂತಾಳಾ ಅಂತ ಡಾಕ್ಟರಮ್ಮ ಕೇಳಿದರು. ನಾಲ್ಕು ದಿನದಿಂದ ಅನ್ನುತ್ತಿದ್ದಳು, ಊಟ ತಪ್ಪಿಸುವ ನೆಪ ಅಂತ ನಾನೇ ಗದರಿದ್ದೆ. ಬಾಚಣಿಗೆ ಕಂಡರೂ ಪಿಟೀಲು ಕುಯ್ಯುವವಳು, ಸೂಜಿ ಚುಚ್ಚಿದರೆ ಸುಮ್ಮನೆ ನನ್ನ ಮುಖ ನೋಡಿದಳು. ಅತ್ತಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಅವಳು ಆಕಳಿಸಿದರೂ ಓಡಿಹೋಗಿ ಹಣೆ ಮುಟ್ಟಿ ನೋಡುತ್ತೇನೆ. ಈಗ ಒಳಗಿನ ಕೋಣೆಯಲ್ಲೇ ಆಡಿಸುತ್ತೇವೆ, ಗಳಿಗೆಗೊಮ್ಮೆ ಕೈ ತೊಳೆಸುತ್ತೇವೆ. ಬೈಯಬೇಕು ಅನ್ನಿಸಿದರೆ ಬೈದು ಬರಿ, ನಿನ್ನ ಕೈಲಿ ಬೈಸಿಕೊಂಡರಾದರೂ ನಿದ್ದೆ ಬರುತ್ತೇನೋ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ನೀನೂ ನಿನ್ನ ಹೊಟ್ಟೆಯೂ ತಣ್ಣಗಿರಲಿ.

ಇಂತಿ,
ನಿನ್ನ ಪೆದ್ದ ಅಪ್ಪ

ಇನ್ನೊಂದು ಮಾತಿದೆ. ಮರೆತಿಲ್ಲ, ಬರೆಯೋಕೆ ಕೈ ಬರಲಿಲ್ಲ, ಅಷ್ಟೆ. ನಿಮ್ಮಮ್ಮನಿಗೂ ಹೇಳಿಲ್ಲ. ಶನಿವಾರ ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರಮ್ಮ, "ಮಗುವಿನ ತಾಯಿ ಬೆಳೆದದ್ದೂ ಅದೇ ಮನೆಯಲ್ಲೇನಾ?" ಅಂತ ಕೇಳಿದರು. ಹೌದು, ನನ್ನ ಬಾಣಲೆ ಪಕ್ಕದಲ್ಲೇ ಕೂತು ಪಾಠ ಓದುತ್ತಿದ್ದಳು ಅಂದೆ. ಅವರು ಪೆನ್ನು ಕೆಳಗಿಟ್ಟರು. ಚಿಕ್ಕಂದಿನಲ್ಲಿ ಒಳಗೆ ಹೋದ ಸೀಸ ಮೂಳೆಯಲ್ಲಿ ಕೂತಿರುತ್ತಂತೆ, ಬಸುರಿನಲ್ಲಿ ರಕ್ತಕ್ಕೆ ಇಳಿದು ಹೊಟ್ಟೆಯ ಕೂಸಿಗೂ ಹೋಗಬಹುದಂತೆ. ಈ ಕಾಗದ ಸಿಕ್ಕಿದ ದಿನವೇ ನಿನ್ನ ರಕ್ತ ಪರೀಕ್ಷೆ ಮಾಡಿಸು, ಮಗಳೇ. ಯಾಕೆ ಅಂತ ಕೇಳಿದರೆ ನಮ್ಮಪ್ಪ ಹಿತ್ತಿಲಲ್ಲಿ ಸೀಸ ಕರಗಿಸುತ್ತಿದ್ದರು ಅಂತ ಹೇಳು. ನನ್ನ ಮಾನ ಕಾಪಾಡೋಕೆ ಹೋಗಬೇಡ.