ಅಮ್ಮನ ಬೆಂಡೆಬೀಜ

ಅಣ್ಣನಿಗೆ,

ನಿನ್ನ ಪತ್ರ ತಲುಪಿತು. ಹೊಲದ ಬೆಂಡೆಗಿಡಗಳಿಗೆಲ್ಲ ಹಳದಿ ರೋಗ ತಗುಲಿ, ಕಾಯಿಗಳೂ ಬಿಳಿಚಿಕೊಂಡಿವೆ ಎಂದು ಬರೆದಿದ್ದೀಯ. ಅಮ್ಮನ ತಳಿಗೆ ಆ ರೋಗ ಎಂದೂ ಬಂದಿರಲಿಲ್ಲ ಎಂಬುದು ನಿನಗೆ ಈಗ ನೆನಪಾಗಿದೆ, ಆ ಬೀಜ ಕಳಿಸು ಎಂದು ಕೇಳಿದ್ದೀಯ. ಅಜ್ಜಿ ಹುಟ್ಟೂರು ಬಿಟ್ಟು ಈ ದೇಶಕ್ಕೆ ಹಡಗು ಹತ್ತುವಾಗ ಬಟ್ಟೆಯ ಅಂಚಿನೊಳಗೆ ಹೊಲಿದುಕೊಂಡು ತಂದ ಬೀಜ ಅದು.

ಪಾಲಾದ ದಿನ ಹೊಲವೆಲ್ಲ ನಿನ್ನದಾಯಿತು. ನಾನು ಬಾಯಿಬಿಟ್ಟು ಕೇಳಿದ್ದಕ್ಕೆ ಬೀಜದ ಡಬ್ಬಿಯನ್ನು ಕಾಲ ಬಳಿ ಒಗೆದು, "ತಗೋ, ಇದೇ ನಿನ್ನ ಪಾಲು. ಹೋಗಿ ಹಿತ್ತಲಲ್ಲಿ ಬಿತ್ಕೋ" ಎಂದೆ. ಅತ್ತಿಗೆ ನಕ್ಕಳು. ನನಗೆ ಹಿತ್ತಲೇ ಇರಲಿಲ್ಲ. ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಒಡೆದ ಬಕೆಟ್ಟುಗಳಲ್ಲಿ ಹನ್ನೊಂದು ವರ್ಷ ಬಿತ್ತಿದೆ. ಪ್ರತಿ ವರ್ಷ ಒಳ್ಳೆಯ ಕಾಯಿಗಳನ್ನು ತಿನ್ನದೆ, ಗಿಡದಲ್ಲೇ ಒಣಗಲು ಬಿಟ್ಟು ಬೀಜ ಕಾದಿಟ್ಟೆ. ಅಂದಿನ ಕಾಲಕಸ ಇಂದು ನಿನ್ನ ಕಣ್ಣಿಗೆ ಬಿತ್ತು.

ನಿನ್ನ ಪತ್ರ ಓದಿದ ಮೇಲೆ ಅಷ್ಟೂ ಬೀಜವನ್ನು ಬಾಣಲೆಯಲ್ಲಿ ಕಪ್ಪಗೆ ಹುರಿದೆ. ಪುಡಿ ಮಾಡಿ ಇದರ ಜೊತೆ ಕಳಿಸಿದ್ದೇನೆ. ಕಾಫಿ ಸಿಗದ ಕಾಲದಲ್ಲಿ ಅಜ್ಜಿ ಹೀಗೇ ಮಾಡಿ ಕುಡಿಯುತ್ತಿದ್ದಳಂತೆ. ಲೋಟಕ್ಕೆ ಒಂದು ಚಮಚ ಸಾಕು, ಚೆನ್ನಾಗಿ ಕುದಿಸು. ಅತ್ತಿಗೆಗೂ ಕೊಡು.

ನನಗೆಂದು ಒಂದು ಬೀಜವನ್ನೂ ಉಳಿಸಿಕೊಂಡಿಲ್ಲ. ಉಳಿಸಿಕೊಂಡಿದ್ದರೆ, ನೀನು ಎದುರಿಗೆ ಬಂದು ಒಮ್ಮೆ "ತಂಗೀ" ಎಂದಿದ್ದರೂ ಕೊಟ್ಟುಬಿಡುತ್ತಿದ್ದೆ. ನನ್ನ ಕರುಳು ನನಗೆ ಗೊತ್ತು.

ಇಂತಿ,
ನಿನ್ನ ಒಡಹುಟ್ಟಿದವಳು